ಇದ್ರೂ ಇರಬಹುದೇನೋ

ಬೀಗದ ತಾತ ಹೇಳಿದ್ದು ಇಷ್ಟೇ: "ಅವನೇ ಇದ್ರೂ ಇರಬಹುದೇನೋ ಸ್ವಾಮಿ."

ಅದನ್ನು ಇಂಗ್ಲಿಷಿಗೆ ತಿರುಗಿಸಿ ನ್ಯಾಯಾಧೀಶರ ಕಿವಿಗೆ ಮುಟ್ಟಿಸಬೇಕಾದವಳು ದುಭಾಷಿ. ಹನ್ನೆರಡು ವರ್ಷದಿಂದ ಅವಳ ಕೆಲಸ ಅದೇ. ಆ ಕೋರ್ಟಿನ ಕಡತವೆಲ್ಲ ಇಂಗ್ಲಿಷು, ಸಾಕ್ಷಿ ಹೇಳಲು ಬರುವವರಲ್ಲಿ ಬಹಳಷ್ಟು ಮಂದಿ ಕನ್ನಡದವರು. ಸಾಕ್ಷಿಕಟ್ಟೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಆ ದಡದ ಮಾತನ್ನು ಈ ದಡಕ್ಕೆ, ಈ ದಡದ ಮಾತನ್ನು ಆ ದಡಕ್ಕೆ ದಾಟಿಸುವುದು. ಚೆನ್ನಾಗಿ ದಾಟಿಸಿದ ದಿನ ಅವಳು ಅಲ್ಲಿದ್ದಳೆಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ. ಅವಳ ಹೆಮ್ಮೆಯೂ ಅದೇ.

ಮೊಕದ್ದಮೆ ದೊಡ್ಡದೇನಲ್ಲ. ಚಳಿಗಾಲದ ಒಂದು ಬೆಳಿಗ್ಗೆ, ಮಂಜು ಇನ್ನೂ ಹರಿದಿರಲಿಲ್ಲ, ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸಿಗೆ ಪಾರ್ಸೆಲ್ ಹಂಚುವ ಬಿಳಿ ವ್ಯಾನೊಂದು ಗುದ್ದಿತ್ತು. ಓಡಿಸುತ್ತಿದ್ದವನು ಇಳಿದು ಒಂದು ಗಳಿಗೆ ನೋಡಿ, ಮತ್ತೆ ಹತ್ತಿ ಹೊರಟುಹೋಗಿದ್ದ. ಹೆಂಗಸಿನ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಆ ಕಂಪನಿಯಲ್ಲಿ ಅಂಥ ಬಿಳಿ ವ್ಯಾನು ಹನ್ನೊಂದು. ಪೊಲೀಸರು ಹಿಡಿದದ್ದು ಬಂಪರು ತಗ್ಗಾಗಿದ್ದ ವ್ಯಾನಿನ ಚಾಲಕನನ್ನು, ಇಪ್ಪತ್ತಾರು ವರ್ಷದವನು. ಅದು ಗೋದಾಮಿನ ಕಂಬಕ್ಕೆ ತಾಗಿ ಆದ ತಗ್ಗು ಎಂದು ಅವನ ವಾದ. ಗುದ್ದಿದವನ ಮುಖ ಕಂಡವರು ಒಬ್ಬರೇ: ರಸ್ತೆಯ ಆಚೆ ಬದಿ ಗೂಡಂಗಡಿಯಲ್ಲಿ ಬೀಗ ರಿಪೇರಿ ಮಾಡಿ ಕೀಲಿಕೈ ಕೊರೆದುಕೊಡುವ ಮುದುಕ, ಬೀದಿಗೆಲ್ಲ ಬೀಗದ ತಾತ.

ಆ ಸೋಮವಾರ ತಾತ ಅವಳಿಗೆ ನಾಲ್ಕನೇ ಸಾಕ್ಷಿ. ಬೆಳಿಗ್ಗೆಯಿಂದ ಮಾತಾಡಿ ಗಂಟಲು ಒಣಗಿತ್ತು. ಊಟದ ಬಿಡುವಿನಲ್ಲಿ ಹಿರಿಯ ಗುಮಾಸ್ತರು ಎಲ್ಲರೆದುರು ತಮಾಷೆ ಮಾಡಿದ್ದರು: "ನಿಮ್ಮ ಸಾಕ್ಷಿಗಳಿಗೆ ಹೌದು, ಇಲ್ಲ ಅನ್ನೋ ಎರಡು ಪದ ಯಾರೂ ಕಲಿಸಿಲ್ವಾ ಮೇಡಂ? ಬೆಳಿಗ್ಗೆಯಿಂದ ಬರೀ 'ಮೇಬಿ, ಮೇಬಿ' ಅಂತ ಟೈಪ್ ಮಾಡಿ ನನ್ನ ಬೆರಳು ಸವೆದುಹೋಯ್ತು." ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಮಾತು ಒಳಗೆಲ್ಲೋ ಕೂತಿತ್ತು.

ಸರ್ಕಾರಿ ವಕೀಲರು ಕಟಕಟೆಯಲ್ಲಿದ್ದ ಹುಡುಗನತ್ತ ಕೈ ತೋರಿಸಿ, ನೀವು ಕಂಡದ್ದು ಇವನನ್ನೇ ಏನು ಎಂದು ಕೇಳಿದರು. ತಾತ ಕಣ್ಣು ಕಿರಿದು ಮಾಡಿ ನೋಡಿದ. ಕತ್ತು ಅತ್ತ ಒಂದು ಸಲ, ಇತ್ತ ಒಂದು ಸಲ ವಾಲಿಸಿದ. "ಅವನೇ ಇದ್ರೂ ಇರಬಹುದೇನೋ ಸ್ವಾಮಿ" ಎಂದ.

ಅವಳ ಬಾಯಿಂದ ಇಂಗ್ಲಿಷು ತಾನಾಗಿಯೇ ಜಾರಿತು: "ಪ್ರಾಬಬ್ಲಿ, ಇಟ್ ವಾಸ್ ಹಿಮ್."

ಕನ್ನಡದ ಒಂದಕ್ಷರವೂ ಬಾರದ ಆ ಚಾಲಕ ಇಂಗ್ಲಿಷು ಕೇಳಿದ್ದೇ ತಲೆ ತಗ್ಗಿಸಿದ. ಗುಮಾಸ್ತರ ಬೆರಳು ಟಕಟಕ ಓಡಿತು. ಮೊದಲ ಸಾಲಿನಲ್ಲಿ ಊರುಗೋಲನ್ನು ಮಡಿಲಿಗೆ ಅಡ್ಡ ಹಾಕಿಕೊಂಡು ಕೂತಿದ್ದ, ಕಾಲು ಮುರಿದ ಹೆಂಗಸು ಒಮ್ಮೆ ದುಭಾಷಿಯ ಮುಖ ನೋಡಿ, ಆಮೇಲೆ ಕಿಟಕಿಯತ್ತ ತಿರುಗಿದಳು.

ಸಂಜೆಯ ವಾದದಲ್ಲಿ ಸರ್ಕಾರಿ ವಕೀಲರು ಆ ಪದವನ್ನು ಮೂರು ಸಲ ಎತ್ತಿದರು. "ಸಾಕ್ಷಿಯ ಬಾಯಿಂದಲೇ ಬಂದ ಮಾತು ಸ್ವಾಮಿ, ಪ್ರಾಬಬ್ಲಿ." ಮೊದಲ ಸಲ ಅವಳಿಗೆ ಏನೂ ಅನ್ನಿಸಲಿಲ್ಲ. ಎರಡನೇ ಸಲ ಪೆನ್ನಿನ ಮುಚ್ಚಳ ತೆಗೆದು ಹಾಕಿದಳು. ಮೂರನೇ ಸಲ ತಾತನ ಮಾತನ್ನು ಕನ್ನಡದಲ್ಲೇ ಹಾಳೆಯ ಮೂಲೆಯಲ್ಲಿ ಬರೆದುಕೊಂಡಳು. ತೀರ್ಪು ಶುಕ್ರವಾರ ಎಂದು ಹೇಳಿ ನ್ಯಾಯಾಧೀಶರು ಎದ್ದರು.

ಮನೆಯಲ್ಲಿ ಅವಳು, ಅವಳ ಗಂಡ, ಅವಳ ದೊಡ್ಡಮ್ಮ. ಗಂಡನಿಗೆ ಬಸ್ ಡಿಪೋದಲ್ಲಿ ಬಸ್ಸುಗಳ ಹೊರಡುವ ಹೊತ್ತು, ಬರುವ ಹೊತ್ತು ಬರೆದಿಡುವ ಕೆಲಸ. ದೊಡ್ಡಮ್ಮ ಮೂವತ್ತು ವರ್ಷ ಒಂದು ನಿಘಂಟಿನ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತಳಾದವಳು. ಮೊಣಕಾಲು ಸೋತಿದ್ದವು, ನಾಲಿಗೆ ಸೋತಿರಲಿಲ್ಲ. ಸಂಜೆ ಆಕೆ ಕಿಟಕಿಯ ಬಳಿ ಅಳಿಯನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ದೊಡ್ಡಮ್ಮ, ಪ್ರಾಬಬ್ಲಿಗೂ ಪರ್ಹ್ಯಾಪ್ಸಿಗೂ ಏನು ವ್ಯತ್ಯಾಸ?"

"ಕೋರ್ಟಲ್ಲಿ ಕೂತು ಬಂದವಳು ನೀನು, ಮಂಡಿ ಹಿಡ್ಕೊಂಡು ಮನೇಲಿ ಕೂತವಳು ನಾನು. ನನ್ನ ಕೇಳ್ತೀಯಾ?" ದೊಡ್ಡಮ್ಮ ದಾರವನ್ನು ಹಲ್ಲಲ್ಲಿ ಕಡಿದಳು. "ನಮ್ಮ ಪ್ರೆಸ್ಸಲ್ಲಿ ಇದೇ ವಿಷಯಕ್ಕೆ ನಾನೂ ಸಂಪಾದಕರೂ ಒಂದು ವಾರ ಮಾತು ಬಿಟ್ಟಿದ್ವಿ, ಗೊತ್ತಾ? ಮೇಬಿ, ಪರ್ಹ್ಯಾಪ್ಸ್, ಪ್ರಾಬಬ್ಲಿ, ಮೂರಕ್ಕೂ 'ಬಹುಶಃ' ಅಂತ ಬರೆದಿಟ್ಟಿದ್ರು ಮಹಾರಾಯರು. ಒಂದೇ ಅಂಗಿ ಮೂರು ಜನಕ್ಕೆ! ಒಬ್ಬನಿಗೆ ಬಿಗಿ, ಇನ್ನೊಬ್ಬನಿಗೆ ಸಡಿಲ."

"ಮತ್ತೆ ಸರಿಯಾದ್ದು ಯಾವುದು?"

"ಪ್ರಾಬಬ್ಲಿ ಅನ್ನೋದರ ಹೊಟ್ಟೇಲಿ ಪುರಾವೆ ಕೂತಿದೆ ಕಣೇ. ಪ್ರೂವ್ ಅಂತೀವಲ್ಲ, ಅದೂ ಇದೂ ಲ್ಯಾಟಿನ್ನಿನ ಒಂದೇ ತಾಯಿ ಮಕ್ಕಳು. ಪರೀಕ್ಷೆ ಮಾಡಿ ನೋಡಿದ್ದು, ನಂಬೋಕೆ ಯೋಗ್ಯವಾದದ್ದು ಅಂತ ಅದರ ಮೂಲ. ಪರ್ಹ್ಯಾಪ್ಸ್ ಪಾಪದ್ದು. 'ಹ್ಯಾಪ್' ಅಂದ್ರೆ ಹಳೇ ಕಾಲದಲ್ಲಿ ಅದೃಷ್ಟ, ಆಕಸ್ಮಿಕ. ಹ್ಯಾಪನ್ ಅನ್ನೋದೂ ಅದೇ ಮನೆಯದು, ಹ್ಯಾಪಿ ಅನ್ನೋದೂ ಅದೇ ಮನೆಯದು. ಪರ್ಹ್ಯಾಪ್ಸ್ ಅಂದ್ರೆ, ಹಣೆಬರಹ ಇದ್ದ ಹಾಗೆ, ಬಿದ್ರೆ ಬಿತ್ತು, ಇಲ್ಲಾಂದ್ರೆ ಇಲ್ಲ. ಬಹುಶಃ ಅನ್ನೋದರ ಮೂಲ ನೋಡಿದ್ರೆ 'ಬಹಳ ಸಲ' ಅಂತ. ಅದೂ ಪ್ರಾಬಬ್ಲಿ ಕಡೆಗೇ ವಾಲುತ್ತೆ."

ಒಳಗಿನಿಂದ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದ ಗಂಡ ನಕ್ಕ. "ಮಾತಾಡೋವಾಗ ಯಾರು ದೊಡ್ಡಮ್ಮ ಬೇರು ಅಗೆದು ನೋಡ್ತಾರೆ? ಬಸ್ಸು ಪ್ರಾಬಬ್ಲಿ ಬರುತ್ತೆ ಅಂದ್ರೂ ಜನ ಕಾಯ್ತಾರೆ, ಪರ್ಹ್ಯಾಪ್ಸ್ ಅಂದ್ರೂ ಕಾಯ್ತಾರೆ."

"ಕಾಯ್ತಾರೆ. ಆದ್ರೆ ಪ್ರಾಬಬ್ಲಿ ಅಂದ್ರೆ ಟಿಕೆಟ್ ತಗೊಂಡು ಕಾಯ್ತಾರೆ" ಎಂದಳು ದೊಡ್ಡಮ್ಮ. "ಬೇರು ನೋಡದಿದ್ರೂ ತೂಕ ಗೊತ್ತಾಗುತ್ತೆ ಮಾರಾಯ." ಆಮೇಲೆ ಮಗಳ ಮುಖ ನೋಡಿ ದನಿ ಇಳಿಸಿದಳು. "ಯಾಕೆ ಪುಟ್ಟಿ, ಏನಾಯ್ತು? ಆ ಮನುಷ್ಯ ಏನಂದ? ಅವನ ಬಾಯಲ್ಲೇ ಹೇಳು."

ಅವಳು ಹೇಳಿದಳು. ಊರು ಹೇಳಲಿಲ್ಲ, ಹೆಸರು ಹೇಳಲಿಲ್ಲ, ಬರೀ ಆ ಮಾತು.

ದೊಡ್ಡಮ್ಮ ಅಂಗಿಯನ್ನು ಮಡಿಲಿಗೆ ಇಳಿಸಿ ಬೆರಳು ಮಡಿಸತೊಡಗಿದಳು. "'ಇದ್ರೂ' ಅನ್ನೋದರಲ್ಲಿ ಒಂದು ಅನುಮಾನ. 'ಬಹುದು' ಅನ್ನೋದರಲ್ಲಿ ಇನ್ನೊಂದು. 'ಏನೋ' ಅಂತ ಬಾಲದಲ್ಲಿ ಮತ್ತೊಂದು. ಮೂರು ಗಂಟು ಹಾಕಿ ಕೊಟ್ಟಿದ್ದಾನೆ ಆ ಮನುಷ್ಯ. ಮೂರನ್ನೂ ನುಂಗಿ ನೀರು ಕುಡಿದೆಯಲ್ಲೇ!"

ಅವಳಿಗೆ ಅನ್ನ ಸೇರಲಿಲ್ಲ. ಗಂಡ, "ಒಂದು ಪದ ಅಷ್ಟೇ ಬಿಡು" ಎಂದು ಸಮಾಧಾನ ಮಾಡಿದ. ಅವಳೂ ಹಾಗೇ ಅಂದುಕೊಳ್ಳಲು ನೋಡಿದಳು. ಮಂಗಳವಾರವಿಡೀ ಬೇರೊಂದು ಕೋಣೆಯಲ್ಲಿ ಬಾಡಿಗೆ ತಕರಾರೊಂದಕ್ಕೆ ದುಭಾಷಿಯಾಗಿ ಕೂತಳು. ಸಾಕ್ಷಿ ಬಾಯಿ ತೆರೆದಾಗಲೆಲ್ಲ ಅನುಮಾನ. ನೋಡಿದೆ ಅಂದನೋ, ನೋಡಿದ ಹಾಗಿತ್ತು ಅಂದನೋ? ಎರಡೆರಡು ಸಲ ಕೇಳಿದಳು. ವಕೀಲರು ಗಡಿಯಾರ ನೋಡಿಕೊಂಡರು.

ಬುಧವಾರ ಕೆಲಸವಿರಲಿಲ್ಲ. ಮನೆಯಲ್ಲಿ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕಪಾಟು ತೆಗೆದು ಬಟ್ಟೆಯನ್ನೆಲ್ಲ ಹೊರಗೆ ಹಾಕಿ, ಮಡಿಸದೆ ಹಾಗೇ ಬಿಟ್ಟು ಎದ್ದಳು. ದೊಡ್ಡಮ್ಮ ಕನ್ನಡಕದ ಮೇಲಿನಿಂದ ನೋಡಿ, "ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತಬೇಡ, ಎಲ್ಲಿಗಾದ್ರೂ ಹೋಗಿ ಬಾ" ಎಂದಳು. ಅವಳು ಹೊರಟಳು. ಕಾಲು ಎಳೆದುಕೊಂಡು ಹೋದದ್ದು ಆ ಶಾಲೆಯ ರಸ್ತೆಗೆ.

ಸಾಕ್ಷಿಯ ಜತೆ ಕೋರ್ಟಿನ ಹೊರಗೆ ಮಾತಾಡಕೂಡದು. ಕೆಲಸಕ್ಕೆ ಸೇರುವಾಗ ಪ್ರಮಾಣ ಮಾಡಿ ಸಹಿ ಹಾಕಿದ್ದಳು. ದೂರದಿಂದ ನೋಡಿ ಬಂದರಾಯಿತು ಎಂದುಕೊಂಡು ಎದುರು ಬದಿಯ ಕಂಬದ ಹತ್ತಿರ ನಿಂತಳು. ಗೂಡಂಗಡಿಯ ಮುಂದೆ ಹಳೆಯ ಬೀಗಗಳು ತಂತಿಗೆ ಪೋಣಿಸಿ ನೇತಾಡುತ್ತಿದ್ದವು. ತಾತ ಯಾವುದೋ ಕೀಲಿಯನ್ನು ಮೂಗಿನ ತುದಿಗೆ ಹಿಡಿದು ಅರ ಹಾಕುತ್ತಿದ್ದ. ರಸ್ತೆಯ ಅಗಲವನ್ನು ಅವಳು ಹೆಜ್ಜೆಯಲ್ಲಿ ಅಳೆಯುತ್ತ ದಾಟಿದಳು. ಇಪ್ಪತ್ತೆರಡು ಹೆಜ್ಜೆ. ದಾಟಿದ ಮೇಲೆ ಅವಳಿಗೆ ತಾನು ಅಂಗಡಿಯೆದುರೇ ನಿಂತಿರುವುದು ಗೊತ್ತಾಯಿತು.

"ಏನಮ್ಮ, ಕೀ ಮಾಡಿಸ್ಬೇಕಾ?" ಎಂದು ತಲೆಯೆತ್ತಿದ ತಾತನಿಗೆ ತೀರ ಹತ್ತಿರ ಬಗ್ಗಿದ ಮೇಲೆ ಗುರುತು ಸಿಕ್ಕಿತು. "ಅರೆ, ಕೋರ್ಟಿನ ಅಮ್ಮ!"

ಬೇರೆ ನೆಪ ತೋಚದೆ ಅವಳು ಮನೆಯ ಕೀಲಿಯನ್ನೇ ಕೊಟ್ಟಳು. ತಾತ ಅದನ್ನು ಯಂತ್ರಕ್ಕೆ ಕಚ್ಚಿಸುತ್ತ ತನ್ನಷ್ಟಕ್ಕೆ ಶುರು ಮಾಡಿದ. "ನನಗೆ ಕೋರ್ಟು ಕಚೇರಿ ಅಂದ್ರೆ ಪುಕಪುಕ ಅನ್ನುತ್ತೆ ತಾಯಿ. ಇಂಗ್ಲಿಷಲ್ಲಿ ಏನೇನು ಬರ್ಕೋತಾರೋ ಅಂತ. ನೀವಿದ್ರಿ, ಬಚಾವಾದೆ. ನನಗೆ ಸರಿಯಾಗಿ ಗೊತ್ತಿಲ್ಲ ಅನ್ನೋದನ್ನ ಅಷ್ಟು ಚೆನ್ನಾಗಿ ಅವರಿಗೆ ತಿಳಿಸಿದ್ರಿ. ಆ ಹುಡುಗನ್ನ ಬಿಟ್ಟಿರ್ತಾರೆ, ಅಲ್ವಾ?"

ಅವಳ ಕಿವಿ ಬಿಸಿಯಾಯಿತು. "ಆ ವಿಷಯ ನಾನು ಮಾತಾಡೋ ಹಾಗಿಲ್ಲ ಅಜ್ಜ" ಎಂದಳು.

"ಹೌದೌದು, ನಿಮಗೂ ಕಾನೂನಿರುತ್ತೆ" ಎಂದು ತಾತ ಕೀಲಿ ಉಜ್ಜಿ ಕೊಟ್ಟ. ಅವಳು ದುಡ್ಡು ಕೊಟ್ಟು ಚಿಲ್ಲರೆ ತೆಗೆದುಕೊಳ್ಳದೆ ನಡೆದಳು. "ಅಮ್ಮಾ, ಚಿಲ್ಲರೆ!" ಎಂದು ಅವನು ಕೂಗಿದ್ದು ತಿರುವಿನವರೆಗೂ ಕೇಳಿಸಿತು.

ಗುರುವಾರ ಕೋರ್ಟಿನ ಬಾಗಿಲು ತೆರೆಯುವ ಮೊದಲೇ ಅವಳು ಹಿರಿಯ ಗುಮಾಸ್ತರ ಮೇಜಿನೆದುರು ನಿಂತಿದ್ದಳು. ಅವರು ಕೇಳಿಸಿಕೊಂಡರು. ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿದರು.

"ಮೇಡಂ, ಒಂದು ಮಾತು ಹೇಳ್ಲಾ? ನೀವು ಇದನ್ನ ಬರೆದುಕೊಟ್ರೆ ನಿಮ್ಮ ಹಳೇ ಕೇಸುಗಳನ್ನೆಲ್ಲ ಕೆದಕ್ತಾರೆ. ಹನ್ನೆರಡು ವರ್ಷದ ಹೆಸರು. ಒಂದು ಪದಕ್ಕೋಸ್ಕರ?"

"ಕೆದಕಲಿ."

"ನಾಳೆ ನಿಮ್ಮನ್ನ ಯಾರೂ ಕರೆಯದಿದ್ರೆ?"

"ಒಂದು ಹಾಳೆ ಕೊಡಿ ಸರ್" ಎಂದಳು.

ಅವರು ಹಾಳೆ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ, ಕೇಳದೆಯೇ, ಒಂದು ಲೋಟ ಟೀಯನ್ನೂ ತಂದಿಟ್ಟರು. "ನಾನು ತಮಾಷೆಗಂದಿದ್ದು, ಆವತ್ತು" ಎಂದು ಗೊಣಗಿದರು. ಅವಳು ಮೊದಲು ಒಂದು ಪುಟ ಬರೆದಳು: ದಣಿವು, ಒಣಗಿದ ಗಂಟಲು, ನಾಲ್ಕನೇ ಸಾಕ್ಷಿ. ಓದಿ ಹರಿದಳು. ಎರಡನೆಯದರಲ್ಲಿ ಲ್ಯಾಟಿನ್ ಬಂತು, ಪುರಾವೆ ಬಂತು, ಅದೃಷ್ಟ ಬಂತು. ಪಾಂಡಿತ್ಯ ತೋರಿಸಿದ ಹಾಗಾಯಿತೆಂದು ಅದನ್ನೂ ಹರಿದಳು. ಕೊನೆಗೆ ಉಳಿದದ್ದು ಐದು ಸಾಲು. ಸಾಕ್ಷಿ ಇಂತಹ ಮಾತು ಹೇಳಿದ. ನಾನು ಇಂತಹ ಪದ ಬಳಸಿದೆ. ಅದು ಅವನು ಹೇಳಿದ್ದಕ್ಕಿಂತ ಬಹಳ ಬಲವಾದ ಪದ. ತಪ್ಪು ನನ್ನದು. ಧ್ವನಿಮುದ್ರಣ ಕೇಳಿ ನೋಡಬೇಕೆಂದು ವಿನಂತಿ.

ಶುಕ್ರವಾರ ತೀರ್ಪು ಬರಲಿಲ್ಲ. ನ್ಯಾಯಾಧೀಶರು ಬಂದು ಕೂತವರೇ ಧ್ವನಿಮುದ್ರಣ ಹಾಕಿಸಿದರು. ಕೇಳಲೆಂದು ಬೇರೊಬ್ಬ ದುಭಾಷಿಯನ್ನು ಕರೆಸಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು, ಮಿತಭಾಷಿ, ಅವಳಿಗೆ ಮೊದಮೊದಲು ಕೆಲಸ ಕಲಿಸಿದವರು. ಸ್ಪೀಕರಿನಿಂದ ತಾತನ ದನಿ ಬಂತು, ಎಳೆದೆಳೆದು, ಕೊನೆಯಲ್ಲಿ ಗಾಳಿಯಲ್ಲಿ ಕರಗಿಹೋಗುವ 'ಏನೋ'. ಅದರ ಹಿಂದೆಯೇ ಅವಳ ಸ್ವಂತ ದನಿ. ಎಷ್ಟು ನುಣುಪಾಗಿತ್ತು! ಒಂದಿಷ್ಟೂ ಅಳುಕಿಲ್ಲ. ತನ್ನ ದನಿ ಇಷ್ಟು ಧೈರ್ಯವಾಗಿ ಸುಳ್ಳು ಹೇಳಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ.

ಹಿರಿಯರು ಇನ್ನೊಮ್ಮೆ ಹಾಕಲು ಹೇಳಿದರು. ಮತ್ತೊಮ್ಮೆ. ಸರ್ಕಾರಿ ವಕೀಲರು ಕಾಲಿನಿಂದ ನೆಲ ತಟ್ಟುತ್ತಿದ್ದರು. ಆಮೇಲೆ ಹಿರಿಯರು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು: "ಸಾಕ್ಷಿ ಹೇಳುತ್ತಿರುವುದು, ಅವನು ಆಗಿದ್ದರೂ ಆಗಿರಬಹುದು, ಪರ್ಹ್ಯಾಪ್ಸ್, ತನಗೆ ಖಚಿತವಿಲ್ಲ ಎಂದು. ಇದಕ್ಕಿಂತ ಹತ್ತಿರಕ್ಕೆ ಹೋಗಲು ನನ್ನಿಂದಾಗದು."

ನ್ಯಾಯಾಧೀಶರು ಅವಳತ್ತ ತಿರುಗಿದರು. "ಹಾಗಾದರೆ ನೀವು ಪ್ರಾಬಬ್ಲಿ ಎಂದದ್ದೇಕೆ?"

"ಕೋರ್ಟಿಗೆ ಒಂದು ಗಟ್ಟಿ ಉತ್ತರ ಬೇಕಾಗಿದೆ ಅನ್ನಿಸಿತು ಸ್ವಾಮಿ. ಅದನ್ನ ನಾನೇ ಕೊಟ್ಟುಬಿಟ್ಟೆ."

ನ್ಯಾಯಾಧೀಶರು ಏನನ್ನೋ ಬರೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗನ್ನಿಸಿತು.

ಸೋಮವಾರ ಬೀಗದ ತಾತನನ್ನು ಮತ್ತೆ ಕರೆಸಿದರು. ಈ ಸಲ ಪಕ್ಕದ ಕುರ್ಚಿಯಲ್ಲಿ ಹಿರಿಯ ದುಭಾಷಿ. ಅವಳು ಹಿಂದಿನ ಬೆಂಚಿನಲ್ಲಿ. ಬಿಡಿಸಿ ಬಿಡಿಸಿ ಕೇಳಿದಾಗ ತಾತ ಎಲ್ಲ ಹೇಳಿದ. "ಹತ್ತಿರದ್ದು ನನಗೆ ಕೂದಲೆಳೆ ಬೇಕಾದ್ರೂ ಕಾಣುತ್ತೆ ಸ್ವಾಮಿ. ರಸ್ತೆ ಆಚೆದು ಮಂಜಿಲ್ಲದಿದ್ರೂ ಮಂಜೇ. ಎತ್ತರದ ಆಳು, ಕರೀ ಟೋಪಿ. ಮುಖ ಕಂಡೆ ಅಂದ್ರೆ, ಮುಖ ಇದ್ದ ಜಾಗ ಕಂಡೆ." ಅಷ್ಟು ಹೇಳಿ ಕೋಣೆಯಲ್ಲೆಲ್ಲ ಕಣ್ಣಾಡಿಸಿದ. ಹಿಂದಿನ ಬೆಂಚಿನಲ್ಲಿದ್ದ ಅವಳು ಅವನ ಕಣ್ಣಿಗೆ ಬೀಳಲಿಲ್ಲ.

ಇನ್ನೂ ಹತ್ತು ದಿನ ಕಳೆದ ಮೇಲೆ ತೀರ್ಪು ಬಂತು. ಅಪರಾಧ ಸಾಬೀತಾಗಿಲ್ಲ. ಅವಳ ಹೆಸರನ್ನು ಮೂರು ತಿಂಗಳ ಮಟ್ಟಿಗೆ ದುಭಾಷಿಗಳ ಪಟ್ಟಿಯಿಂದ ತೆಗೆದರು. ಅಷ್ಟರಲ್ಲಿ ಅವಳ ಹಳೆಯ ಧ್ವನಿಮುದ್ರಣಗಳಲ್ಲಿ ಕೆಲವನ್ನು ಕೇಳಿ ನೋಡುವುದೆಂದಾಯಿತು. ಆ ಆದೇಶಕ್ಕೆ ಸಹಿ ಹಾಕಲು ಗುಮಾಸ್ತರು ಅವಳನ್ನು ಬರಹೇಳಿದ್ದರು.

ಮೊಗಸಾಲೆಯಲ್ಲಿ ಚಾಲಕ ಅವಳಿಗಾಗಿ ಕಾದಿದ್ದ. ಜತೆಯಲ್ಲಿ ಅವನ ಅಕ್ಕ. ಅತ್ತು ಅತ್ತು ಮೂಗು ಕೆಂಪಾಗಿತ್ತು. ಆಕೆ ದುಭಾಷಿಯ ಎರಡೂ ಕೈ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ಹುಡುಗ ನೆಲ ನೋಡುತ್ತ, "ಥ್ಯಾಂಕ್ಯೂ" ಎಂದ. ಅವಳು ಅವನ ಮುಖವನ್ನೇ ನೋಡಿದಳು. ಎತ್ತರದ ಆಳೇ. ಸಂಕೋಚದಿಂದ ಕಣ್ಣು ತಗ್ಗಿಸಿದನೋ, ಬೇರೆ ಯಾವುದಕ್ಕೋ? ಕೇಳಬೇಕೆನ್ನಿಸಿತು, ಕೇಳಲಿಲ್ಲ. ಕೇಳುವ ಕೆಲಸ ಅವಳದಾಗಿರಲೂ ಇಲ್ಲ. ಅವರು ಹೋದರು.

ಮೊಗಸಾಲೆಯ ಕೊನೆಯ ಬೆಂಚಿನಲ್ಲಿ ಕಾಲು ಮುರಿದ ಹೆಂಗಸು ಒಬ್ಬಳೇ ಕೂತಿದ್ದಳು. ದುಭಾಷಿ ತಲೆ ತಗ್ಗಿಸಿ ದಾಟಿಹೋಗಲು ನೋಡಿದಳು.

"ಏನಮ್ಮ, ನನ್ನ ಮುಖ ನೋಡೋಕೂ ಆಗಲ್ವಾ?"

ಅವಳು ನಿಂತಳು. "ಕ್ಷಮಿಸಿ ಅಕ್ಕ. ನಾನು ಮೊದಲ ದಿನವೇ ಸರಿಯಾಗಿ ಹೇಳಿದ್ದಿದ್ರೆ ನೀವು ಇಷ್ಟು ಆಸೆ ಇಟ್ಕೊಂಡು ಕಾಯ್ತಿರಲಿಲ್ಲ."

ಹೆಂಗಸು ಊರುಗೋಲಿನ ರಬ್ಬರ್ ತುದಿಯಿಂದ ನೆಲದ ಟೈಲಿನ ಗೆರೆಯನ್ನು ತಿದ್ದುತ್ತಿದ್ದಳು. "ಅದು ನನಗೆ ಆವತ್ತೇ ಗೊತ್ತಾಯ್ತು" ಎಂದಳು.

"ಯಾವುದು?"

"ಮುದುಕಪ್ಪ ಒಂದು ಹೇಳಿದ್ದು, ನೀನು ಇನ್ನೊಂದು ಹೇಳಿದ್ದು. ಎಂಟು ವರ್ಷದಿಂದ ಶಾಲೆ ಬಾಗಿಲಲ್ಲಿ ನಿಂತಿದ್ದೀನಿ. ಮಕ್ಕಳ ಬಾಯಿಂದ ಅಷ್ಟು ಇಂಗ್ಲಿಷು ನನಗೂ ಬಂದಿದೆ. ಆಹಾ, ಈಕೆ ಗಟ್ಟಿ ಮಾಡಿ ಹೇಳಿದಳು ಅಂತ ಅಂದ್ಕೊಂಡೆ. ಸುಮ್ಮನಿದ್ದೆ."

ದುಭಾಷಿ ಬೆಂಚಿನ ತುದಿಯಲ್ಲಿ ಕೂತಳು.

"ಯಾರಾದ್ರೂ ಒಬ್ಬ ಸಿಗಲಿ ಅನ್ನಿಸ್ತು ಕಣಮ್ಮ" ಎಂದಳು ಹೆಂಗಸು. "ಇವನೋ, ಇವನಂಥವನೋ. ಆರು ತಿಂಗಳು ಮಲಗಿದ್ದ ಹಾಸಿಗೇಲಿ ಸೂರು ನೋಡ್ತಾ ಯಾರದ್ದೂ ಅಲ್ಲದ ಮುಖನ ಎಷ್ಟು ದಿನ ಬೈಯೋದು? ಇವನು ಸಿಕ್ಕಿದ ಮೇಲೆ ಬೈಯೋಕೆ ಒಂದು ಮುಖ ಆಯ್ತು. ನೀನು ಗಟ್ಟಿ ಮಾಡಿ ಹೇಳಿದ ಮೇಲೆ ನಾಲ್ಕು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ನೀನು ಬಂದು ಅದನ್ನೂ ಕಿತ್ಕೊಂಡೆ. ನಿನ್ನ ಮೇಲೆ ಸಿಟ್ಟಿದೆ. ಸುಳ್ಳು ಹೇಳಲ್ಲ."

"ಇರಲಿ ಅಕ್ಕ."

"ಇರಲಿ ಏನು, ಇರುತ್ತೆ."

ಕೆಳಗೆ ಆಟೋದವನು ಹಾರನ್ ಹೊಡೆದ. ಹೆಂಗಸು ಊರುಗೋಲು ಊರಿ ಎದ್ದಳು. ಮುಂದೆ ಹನ್ನೊಂದು ಮೆಟ್ಟಿಲು. ದುಭಾಷಿ ಚಾಚಿದ ಕೈಯನ್ನು ನೋಡಿಯೂ ನೋಡದವಳ ಹಾಗೆ ಒಂದು ಮೆಟ್ಟಿಲು ಇಳಿದಳು, ಎರಡು ಇಳಿದಳು. ಮೂರನೆಯದರಲ್ಲಿ ಕೋಲು ಜಾರಿತು. ಆಗ, "ನೋಡ್ತಾ ನಿಂತಿದ್ದೀಯಲ್ಲ, ಹಿಡ್ಕೋ" ಎಂದು ಗದರಿ, ತನ್ನ ಭಾರವನ್ನೆಲ್ಲ ಅವಳ ಹೆಗಲಿಗೆ ಹಾಕಿದಳು. ಭಾರವಾದ ಹೆಂಗಸು. ಇಬ್ಬರೂ ಏದುಸಿರು ಬಿಡುತ್ತ ಒಂದೊಂದೇ ಮೆಟ್ಟಿಲು ಇಳಿದರು. ಮೇಲಿನಿಂದ ಗುಮಾಸ್ತರು, "ಮೇಡಂ, ಸಹಿ!" ಎಂದು ಕೂಗುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ. ಇನ್ನೂ ನಾಲ್ಕು ಮೆಟ್ಟಿಲು ಬಾಕಿಯಿದ್ದವು.